ಕಿಯಾಪೊ ಚರ್ಚಿನ ಹೊರಗಿನ ಮೇಜು: ಒಂದು ಪ್ರಕರಣ ಅಧ್ಯಯನ

ಫಿಲಿಪೈನ್ಸಿನ ರಾಜಧಾನಿ ಮನಿಲಾದಲ್ಲಿ ಶುಕ್ರವಾರ ಅಂದರೆ ಕಿಯಾಪೊ ದಿನ. ಕಿಯಾಪೊ ಬಡಾವಣೆಯ ಚರ್ಚಿನಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಪೂಜೆ ನಡೆಯುತ್ತದೆ. ಹರಕೆ ಹೊತ್ತವರು ಬಾಗಿಲಿನಿಂದ ಬಲಿಪೀಠದವರೆಗೆ ಮೊಣಕಾಲಲ್ಲೇ ಸಾಗುತ್ತಾರೆ. ಕಾಯಿಲೆ, ಸಾಲ, ಗಲ್ಫಿನ ಕೆಲಸ, ಮಗುವಿನ ಪರೀಕ್ಷೆ, ಹೀಗೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಎಲ್ಲರೂ ಬಂದಿರುವುದು ಶಿಲುಬೆ ಹೊತ್ತ ಕಪ್ಪು ಏಸುವಿನ ಮರದ ಪ್ರತಿಮೆ ನೋಡುವುದಕ್ಕೆ. ಜನ ಅದನ್ನು ನಜರೇನೊ ಎನ್ನುತ್ತಾರೆ.

ಹೊರಗೆ ಕಾಲಿಟ್ಟರೆ ಪ್ಲಾಜಾ ಮಿರಾಂಡಾ ಎನ್ನುವ ಚೌಕ. ಬಣ್ಣಬಣ್ಣದ ಮೇಣದಬತ್ತಿ ಸಿಗುತ್ತದೆ. ಸಂಪಗೀತಾ ಹೂವಿನ ಮಾಲೆ ಸಿಗುತ್ತದೆ, ಅದು ನಮ್ಮ ಉಡುಪಿ ಮಲ್ಲಿಗೆಯ ಜಾತಿಯದೇ. ಮುಂದೆ ಭವಿಷ್ಯ ಹೇಳುವವರು, ತಾಯಿತ ಮಾರುವವರು, ಬೇರು ತೊಗಟೆ ಮಾರುವವರು ಕೂತಿರುತ್ತಾರೆ. ಇನ್ನೊಂದಿಷ್ಟು ದೂರ ನಡೆದು ಕರ್ರಿಯೆಡೊ, ರೆಕ್ಟೊ ಕಡೆಯ ಫುಟ್‌ಪಾತಿಗೆ ಹೋದರೆ ಬೇರೆ ಥರದ ಮಡಚುವ ಮೇಜುಗಳು ಕಾಣುತ್ತವೆ. ಮೇಲೆ ಒಂದು ಕೊಡೆ. ಮುಂದೆ ಲೈಟರ್, ಫೋನ್ ಚಾರ್ಜರ್, ಬ್ಯಾಟರಿ. ಪಕ್ಕದಲ್ಲಿ ಗಂಡಸರ ಶಕ್ತಿಯ ಮಾತ್ರೆ, ಸ್ಪ್ರೇ, ಮುಲಾಮು, ರಬ್ಬರಿನ ಉಂಗುರ, ಬ್ಯಾಟರಿಯಲ್ಲಿ ನಡುಗುವ ಆಟಿಕೆ, ಸಿಲಿಕೋನಿನ ಅಂಗದ ಅಚ್ಚು. ಕೆಲವರು ಬಿಚ್ಚಿಟ್ಟೇ ಮಾರುತ್ತಾರೆ, ಕೆಲವರು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೇಳಿದವರಿಗೆ ಮಾತ್ರ ತೋರಿಸುತ್ತಾರೆ.

ಈ ಬರಹ ಆ ಮೇಜಿನ ಬಗ್ಗೆ. ದೇವಸ್ಥಾನದಂಥ ಜಾಗದ ಪಕ್ಕ ಇಂಥ ವ್ಯಾಪಾರ ಹೇಗೆ ನಿಂತಿದೆ, ಕಾನೂನು ಅದನ್ನು ಹೇಗೆ ನೋಡಿದೆ, ಪೆಟ್ಟು ಯಾರಿಗೆ ಬಿದ್ದಿದೆ ಎನ್ನುವುದನ್ನು ಒಂದೊಂದಾಗಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋರ್ಟು ಬಾಯಿ ತೆರೆಯುವ ಮೊದಲೇ ಶಿಕ್ಷೆ ಆಗಿಹೋಗಿರುತ್ತದೆ. ಆ ಶಿಕ್ಷೆಯಿಂದ ನಿಜವಾಗಿ ಅಪಾಯದಲ್ಲಿರುವವರಿಗೆ ಏನೂ ಉಪಯೋಗವಿಲ್ಲ.

ಜಾಗದ ಕಥೆ

ಕಿಯಾಪೊ ಎನ್ನುವುದು ಒಂದು ನೀರಿನ ಗಿಡದ ಹೆಸರು. ಕೆರೆಯಲ್ಲಿ ತೇಲುವ ಆ ಗಿಡವನ್ನು ನಾವು ಅಂತರಗಂಗೆ ಎನ್ನುತ್ತೇವೆ. ಪಾಸಿಗ್ ನದಿಯ ಪಕ್ಕದ ಈ ಜವುಗು ನೆಲದಲ್ಲಿ ಸ್ಪೇನಿನವರು 1586ರಲ್ಲಿ ಊರು ಕಟ್ಟಿದರು. ನಜರೇನೊ ಪ್ರತಿಮೆ ಮೆಕ್ಸಿಕೊದಲ್ಲಿ ಕೆತ್ತಿದ್ದು, 1606ರಲ್ಲಿ ಹಡಗಿನಲ್ಲಿ ಮನಿಲಾಕ್ಕೆ ಬಂತು ಎಂದು ನಂಬಿಕೆ. 1787ರಲ್ಲಿ ಅದನ್ನು ಕಿಯಾಪೊ ಚರ್ಚಿಗೆ ತಂದರು. ಅದರ ನೆನಪಿಗೆ ಪ್ರತಿ ಜನವರಿ 9ರಂದು ಮೆರವಣಿಗೆ ನಡೆಯುತ್ತದೆ. ಬರಿಗಾಲಿನ ಲಕ್ಷಾಂತರ ಜನ ಹಗ್ಗ ಹಿಡಿದು ಅದನ್ನು ಎಳೆಯುತ್ತಾರೆ. ನಮ್ಮ ಕಡೆಯ ತೇರು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 2025ರಲ್ಲಿ ಆ ಮೆರವಣಿಗೆ 20 ಗಂಟೆಗೂ ಜಾಸ್ತಿ ಹೊತ್ತು ನಡೆಯಿತು. 2024ರಲ್ಲಿ ದೇಶದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ಈ ಚರ್ಚನ್ನು ರಾಷ್ಟ್ರೀಯ ಪುಣ್ಯಕ್ಷೇತ್ರ ಎಂದು ಘೋಷಿಸಿತು.

ಸ್ವಲ್ಪ ದೂರದಲ್ಲೇ ಚಿನ್ನದ ಬಣ್ಣದ ಗುಮ್ಮಟದ ಮಸೀದಿ ಇದೆ. ಲಿಬಿಯಾದ ನಾಯಕ ಗಡಾಫಿ ಬರುತ್ತಾರೆಂದು 1976ರಲ್ಲಿ ಆಗಿನ ಅಧ್ಯಕ್ಷ ಮಾರ್ಕೋಸರ ಹೆಂಡತಿ ಇಮೆಲ್ಡಾ ಮೇಲ್ವಿಚಾರಣೆಯಲ್ಲಿ ಕಟ್ಟಿದ್ದು. ಗಡಾಫಿ ಬರಲಿಲ್ಲ, ಮಸೀದಿ ಉಳಿಯಿತು. ಸುತ್ತ ಮುಸ್ಲಿಂ ಕುಟುಂಬಗಳು ನೆಲೆಸಿದವು. ಹೀಗೆ ಎರಡು ಧರ್ಮಗಳ ಜನ ದಿನವೂ ಓಡಾಡುವ ಜಾಗ ಇದು.

ಹಾಗಂತ ಇದನ್ನು ಬರೀ ದೇವರ ಊರು ಅಂದುಕೊಂಡರೆ ತಪ್ಪು. ಎಲೆಕ್ಟ್ರಾನಿಕ್ಸ್ ಬೇಕಾದರೆ, ಕ್ಯಾಮೆರಾ ಬೇಕಾದರೆ, ಸೊಪ್ಪು ಹಣ್ಣು ಬೇಕಾದರೆ ಜನ ಬರುವುದು ಇಲ್ಲಿಗೇ. ಒಂದು ಕಾಲದಲ್ಲಿ ನಕಲಿ ಡಿವಿಡಿಗೂ ಇದೇ ದೊಡ್ಡ ಅಡ್ಡಾ ಆಗಿತ್ತು. ಜನ ಸೇರುವ ಕಡೆ ವ್ಯಾಪಾರ ಸೇರುತ್ತದೆ, ಜಾತ್ರೆಯ ಲೆಕ್ಕ ಎಲ್ಲ ಕಡೆಯೂ ಒಂದೇ. ಇಲ್ಲಿ ಶುಕ್ರವಾರ ಬಂದರೆ ಜಾತ್ರೆ, ಅಷ್ಟೇ ವ್ಯತ್ಯಾಸ.

ಮೇಜಿನ ಸುತ್ತ

ಆಟಿಕೆಯ ಮೇಜನ್ನು ಉಳಿದ ಮೇಜುಗಳಿಂದ ಬೇರೆ ಮಾಡಿ ನೋಡಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ತಾಯಿತದವನ ಹತ್ತಿರ ಗುಂಡು ತಾಗದಿರಲು ಒಂದು ಪದಕ ಇರುತ್ತದೆ, ಅದೃಷ್ಟಕ್ಕೆ ಇನ್ನೊಂದು. ಪಕ್ಕದ ಅಂಗಡಿಯಲ್ಲಿ ಗಯೂಮಾ ಎನ್ನುವ ವಶೀಕರಣದ ಸೀಸೆ ಇರುತ್ತದೆ. ಒಲಿಯದ ಹುಡುಗಿ ಒಲಿಯಲಿ, ಬಿಟ್ಟುಹೋದ ಗಂಡ ಮರಳಲಿ ಎಂದು ಅದನ್ನು ಕೊಳ್ಳುತ್ತಾರೆ. ಕೆಂಪು ಮೇಣದಬತ್ತಿ ಹಚ್ಚಿದರೆ ಪ್ರೀತಿ ಕೈಗೂಡುತ್ತದೆ ಎಂದು ಮಾರುವವರೇ ಹೇಳಿಕೊಡುತ್ತಾರೆ. ಅದರಾಚೆ ಮಾತ್ರೆ, ಅದರಾಚೆ ಆಟಿಕೆ. ಎಲ್ಲವೂ ದೇಹದ, ಮನಸ್ಸಿನ, ಸಂಸಾರದ ಕೊರತೆಗೆ ಮದ್ದು ಎಂದೇ ಮಾರಾಟವಾಗುತ್ತವೆ. ಕೊಳ್ಳುವವನು ಒಳಗೆ ಹೋಗಿ ನಜರೇನೊ ಪಾದಕ್ಕೆ ಕರ್ಚೀಫು ತಾಗಿಸಿ ಬಂದವನೇ ಇರಬಹುದು. ಅವನ ಮನಸ್ಸಿನಲ್ಲಿ ಇವೆರಡರ ನಡುವೆ ಗೋಡೆ ಇಲ್ಲ. ಗೋಡೆ ಇರುವುದು ನೋಡುವವರ ಕಣ್ಣಿನಲ್ಲಿ.

ಇದು ಈಗ ವಿದೇಶದಿಂದ ಬಂದ ಕೆಟ್ಟ ಚಾಳಿ ಎಂದು ಕೆಲವರು ಹೇಳುತ್ತಾರೆ. ಸಾಮಾನು ವಿದೇಶದ್ದೇ, ಸಂಶಯವಿಲ್ಲ. ಆದರೆ 1521ರಲ್ಲಿ ನಾವಿಕ ಮೆಗಲನ್ ಜೊತೆ ಬಂದ ಬರಹಗಾರ ಪಿಗಾಫೆಟ್ಟಾ, ವಿಸಾಯಾ ದ್ವೀಪಗಳ ಗಂಡಸರು ಗುಪ್ತಾಂಗಕ್ಕೆ ಚಿನ್ನದ ಅಥವಾ ತವರದ ಕಡ್ಡಿ ಚುಚ್ಚಿಕೊಳ್ಳುತ್ತಿದ್ದುದನ್ನು ಬರೆದಿದ್ದಾನೆ. ಹೆಂಗಸರೇ ಅದನ್ನು ಬಯಸುತ್ತಾರೆ ಎಂದು ಅವನಿಗೆ ಹೇಳಿದರಂತೆ. ಮುಂದೆ ಪಾದ್ರಿಗಳು ಆ ಪದ್ಧತಿಯನ್ನು ಅಳಿಸಲು ತುಂಬ ಶ್ರಮಪಟ್ಟರು. ಇಂದಿಗೂ ಹಡಗಿನಲ್ಲಿ ದುಡಿಯುವ ಕೆಲವು ಫಿಲಿಪಿನೊ ಗಂಡಸರು ಬೊಲೀಟಾಸ್ ಎನ್ನುವ ಸಣ್ಣ ಗುಂಡುಗಳನ್ನು ಚರ್ಮದೊಳಗೆ ಸೇರಿಸಿಕೊಳ್ಳುತ್ತಾರೆ. ಚರ್ಚು ಬರುವ ಮೊದಲೂ ಈ ಆಸೆ ಇತ್ತು, ಬಂದ ಮೇಲೂ ಇದೆ.

ಇನ್ನು ವ್ಯಾಪಾರದ ರೀತಿ. ದಿನದ ಮೊದಲ ಗಿರಾಕಿಗೆ ಇಲ್ಲಿ ಬ್ವೆನಾ ಮಾನೊ ಎನ್ನುತ್ತಾರೆ. ನಮ್ಮ ಬೋಣಿ. ಮೊದಲು ಕೈಗೆ ಬಂದ ನೋಟನ್ನು ಉಳಿದ ಸಾಮಾನಿಗೆಲ್ಲ ಒಮ್ಮೆ ಸವರುತ್ತಾರೆ. ಖಾಯಂ ಗಿರಾಕಿಗೆ ಸೂಕಿ ಎನ್ನುತ್ತಾರೆ. ಮಾರುವವಳನ್ನು ಆತೆ, ಅಂದರೆ ಅಕ್ಕ ಎಂದು ಕರೆಯುತ್ತಾರೆ. ಗಂಡಸಾದರೆ ಕುಯಾ, ಅಣ್ಣ. ಚೌಕಾಸಿ ಮಾಡದೆ ಯಾರೂ ಕೊಳ್ಳುವುದಿಲ್ಲ. ಆಟಿಕೆ ಕೊಳ್ಳುವವರು ಮಾತ್ರ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮೊದಲು ಲೈಟರ್ ಬೆಲೆ ಕೇಳಿ, ಆಮೇಲೆ ದನಿ ತಗ್ಗಿಸುತ್ತಾರೆ. ಮೇಜಿನ ಮುಂದೆ ಚಾರ್ಜರ್, ಬ್ಯಾಟರಿ ಇರುವುದರಿಂದ ಅವರ ನಾಚಿಕೆಗೂ ಒಂದು ಮರೆ ಸಿಕ್ಕುತ್ತದೆ.

ಬಂಡವಾಳದ ಮಾತಿಗೆ ಬಂದರೆ ನಮ್ಮ ದೇಶದವರೂ ಈ ಕಥೆಯೊಳಗೆ ಬರುತ್ತಾರೆ. ಫಿಲಿಪೈನ್ಸಿನಲ್ಲಿ ಬೀದಿ ವ್ಯಾಪಾರಿಗೆ ಬ್ಯಾಂಕು ಸಾಲ ಕೊಡುವುದು ಕಷ್ಟ. ಅವರು ಹೋಗುವುದು ಫೈವ್-ಸಿಕ್ಸ್ ಸಾಲಕ್ಕೆ. 5 ತೆಗೆದುಕೊಂಡರೆ 6 ಕೊಡಬೇಕು, ಅಸಲಿನ ಮೇಲೆ ಶೇಕಡಾ 20 ಬಡ್ಡಿ. ದಿನವೂ ಕಂತು ವಸೂಲಿ. ಮೋಟರ್ ಸೈಕಲ್ಲಿನಲ್ಲಿ ಬರುವ ವಸೂಲಿಗಾರರಲ್ಲಿ ಅನೇಕರು ಪಂಜಾಬಿನಿಂದ ಹೋಗಿ ನೆಲೆಸಿದವರು. ಅಲ್ಲಿನ ಜನ ಅವರನ್ನು ಬುಂಬಾಯ್ ಎನ್ನುತ್ತಾರೆ, ಬೊಂಬಾಯಿಯಿಂದ ಬಂದ ಪದ. ಭಾರತದ ಯಾವ ಮೂಲೆಯವನಾದರೂ ಅವರಿಗೆ ಬುಂಬಾಯ್ ಆಗಬಹುದು, ಕನ್ನಡಿಗನೂ ಸೇರಿ. 2017ರಲ್ಲಿ ಅಧ್ಯಕ್ಷ ಡುಟರ್ಟೆ ಈ ಸಾಲದ ವ್ಯವಹಾರವನ್ನೇ ನಿಲ್ಲಿಸುತ್ತೇನೆ ಎಂದು ಗುಡುಗಿದರು. ವ್ಯಾಪಾರಿಗಳಿಗೆ ಬೇರೆ ದಾರಿ ಇರಲಿಲ್ಲ, ಹಾಗಾಗಿ ವ್ಯವಹಾರ ನಿಲ್ಲಲಿಲ್ಲ. ಈ ಸಾಲದ ವಿಷಯವನ್ನು ನೆನಪಿಟ್ಟುಕೊಳ್ಳಿ. ಪೊಲೀಸರು ಮೇಜನ್ನು ಎತ್ತಿಕೊಂಡು ಹೋದ ದಿನವೂ ಕಂತು ಕಟ್ಟಬೇಕು.

ಕಾನೂನಿನ ಸಾಲುಗಳು

ಫಿಲಿಪೈನ್ಸಿನ ದಂಡ ಸಂಹಿತೆ 1932ರಿಂದ ಜಾರಿಯಲ್ಲಿದೆ. ಅದರ 201ನೇ ಕಲಂ ಅಶ್ಲೀಲತೆಗೆ ಸಂಬಂಧಿಸಿದ್ದು. ಸಿನಿಮಾ, ಮುದ್ರಿತ ಚಿತ್ರ, ಕೆತ್ತನೆ, ಶಿಲ್ಪ, ಸಾಹಿತ್ಯ ಇವುಗಳಲ್ಲಿ ನೀತಿಗೆ ಧಕ್ಕೆ ತರುವಂಥವನ್ನು ಮಾರಬಾರದು, ಕೊಡಬಾರದು, ತೋರಿಸಬಾರದು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಆಟಿಕೆ ಅದರಲ್ಲಿಲ್ಲ. ಸಿಲಿಕೋನಿನ ಅಚ್ಚನ್ನು ಶಿಲ್ಪ ಎನ್ನಬಹುದೇ? ಬ್ಯಾಟರಿ ಹಾಕಿದ ಉಂಗುರ ಯಾವುದರಡಿ ಬರುತ್ತದೆ? ಕಾನೂನು ಬರೆದವರ ತಲೆಯಲ್ಲಿ ಚಿತ್ರ ಮತ್ತು ಪುಸ್ತಕ ಇದ್ದವು. ವಸ್ತು ಇರಲಿಲ್ಲ.

ಮನಿಲಾ ನಗರಸಭೆ 1993ರಲ್ಲಿ ತನ್ನದೇ ಒಂದು ಸ್ಥಳೀಯ ನಿಯಮ ಮಾಡಿತು. ಅದರ ಸಂಖ್ಯೆ 7780. ಅಲ್ಲಿ ಅಶ್ಲೀಲ ಎನ್ನುವ ಪದದ ಅರ್ಥ ತುಂಬ ಅಗಲ. ಕಾಮ ಕೆರಳಿಸುವಂಥದ್ದು ಬಂತು, ಒಳ್ಳೆಯ ನಡವಳಿಕೆಗೆ ವಿರುದ್ಧವಾದದ್ದು ಬಂತು, ಧಾರ್ಮಿಕ ನಂಬಿಕೆಗೆ ವಿರುದ್ಧವಾದದ್ದೂ ಬಂತು. ಚರ್ಚಿನ ಹತ್ತಿರದ ಫುಟ್‌ಪಾತಿನಲ್ಲಿ ಕೂತವರಿಗೆ ಈ ಕೊನೆಯ ಮಾತು ಸಣ್ಣದಲ್ಲ. ಅದೇ ಮೇಜು ಬೇರೆ ಬಡಾವಣೆಯಲ್ಲಿ ಇದ್ದಿದ್ದರೆ ಬರೀ ಮೇಜು. ಇಲ್ಲಿ ಅದು ನಂಬಿಕೆಗೆ ಎದುರು ನಿಂತ ಮೇಜು ಆಗಿಬಿಡುತ್ತದೆ.

ಗಂಡಸರ ಒಂದು ಮಾಸಪತ್ರಿಕೆಯ ಮೇಲೆ 2008ರಲ್ಲಿ ಕೆಲವು ಪಾದ್ರಿಗಳು ದೂರು ಕೊಟ್ಟಾಗ, ಪತ್ರಿಕೆಯವರು ಈ ನಿಯಮವನ್ನೇ ರದ್ದು ಮಾಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನಲ್ಲಿ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಅಶ್ಲೀಲತೆಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇಲ್ಲ, ಹಾಗಾಗಿ ನಿಯಮವನ್ನು ಓದಿಯೇ ಇಡಿಯಾಗಿ ಹೊಡೆದುಹಾಕಲು ಆಗುವುದಿಲ್ಲ, ಏನಿದ್ದರೂ ಒಂದೊಂದು ಪ್ರಕರಣದಲ್ಲಿ ನೋಡಬೇಕು ಎಂದಿತು. ಒಂದೊಂದು ಪ್ರಕರಣ ನಡೆಸಲು ವಕೀಲರು ಬೇಕು. ಮಾಸಪತ್ರಿಕೆಗೆ ವಕೀಲರಿದ್ದರು. ಮೇಜಿನ ಆತೆಗೆ ಯಾರಿದ್ದಾರೆ?

1983ರ ಬೂದಿ

ಈ ಬೀದಿಗಳ ಒಂದು ಹಳೆಯ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಆಗ ಮೇಯರ್ ಆಗಿದ್ದವರು ರಾಮೋನ್ ಬಗಾತ್ಸಿಂಗ್. ಅಶ್ಲೀಲತೆ ತೊಲಗಿಸುವ ಅಭಿಯಾನ ಶುರು ಮಾಡಿದರು. 1983ರ ಡಿಸೆಂಬರ್ 1 ಮತ್ತು 3ರಂದು ಪೊಲೀಸರು ಮನಿಲಾದ ಫುಟ್‌ಪಾತುಗಳಿಗೆ ಇಳಿದರು. ಪತ್ರಿಕೆ ಮಾರುವವರು, ಹಂಚುವವರು, ಹೊತ್ತು ತಿರುಗಿ ಮಾರುವವರು, ಯಾರನ್ನೂ ಬಿಡದೆ ಅಶ್ಲೀಲ ಎನಿಸಿದ್ದನ್ನೆಲ್ಲ ಕಿತ್ತುಕೊಂಡರು. ವಾರಂಟ್ ಇರಲಿಲ್ಲ. ಆಮೇಲೆ ಕಿಯಾಪೊ ಪಕ್ಕದ ರೆಕ್ಟೊ ರಸ್ತೆಯಲ್ಲಿ, ಕಾಲೇಜುಗಳ ಮುಂದೆ, ಮೇಯರ್ ಮತ್ತು ವಿದ್ಯಾರ್ಥಿ ಸಂಘದವರ ಎದುರಿಗೆ ರಾಶಿ ಹಾಕಿ ಸುಟ್ಟರು.

ಒಬ್ಬ ಪ್ರಕಾಶಕರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು, ಮೇಲ್ಮನವಿಯಲ್ಲೂ ಸೋತರು. 1989ರ ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಯಾವುದು ಅಶ್ಲೀಲ ಎಂದು ತೀರ್ಮಾನಿಸುವುದು ಪೊಲೀಸರ ಅಥವಾ ಮೇಯರ್ ಕೆಲಸವಲ್ಲ. ಮೊದಲು ನ್ಯಾಯಾಧೀಶರ ಬಳಿ ಹೋಗಬೇಕು, ಒಪ್ಪಿಸಬೇಕು, ವಾರಂಟ್ ಪಡೆಯಬೇಕು, ಆಮೇಲೆ ಮುಟ್ಟಬೇಕು. ಎಷ್ಟು ಸ್ಪಷ್ಟ ಮಾತು! ಆದರೆ ತೀರ್ಪಿನ ಕೊನೆಯಲ್ಲಿ ಇನ್ನೊಂದು ಸಾಲು ಇದೆ. ವಶಪಡಿಸಿಕೊಂಡ ಪತ್ರಿಕೆಗಳು ಈಗಾಗಲೇ ನಾಶವಾಗಿರುವುದರಿಂದ ಕೊಡಿಸಲು ಪರಿಹಾರವೇನೂ ಇಲ್ಲ. ಆರು ವರ್ಷ ಹೋರಾಡಿ ಗೆದ್ದ ಮನುಷ್ಯನಿಗೆ ಸಿಕ್ಕಿದ್ದು ಅಷ್ಟು. ಅಂದು ಫುಟ್‌ಪಾತಿನಲ್ಲಿ ಸಾಮಾನು ಕಳೆದುಕೊಂಡ ಮಾರುವವರ ಹೆಸರೂ ಆ ತೀರ್ಪಿನಲ್ಲಿಲ್ಲ.

ಇದಕ್ಕೂ ಮೊದಲು, 1976ರಲ್ಲಿ, ಮಾರ್ಕೋಸ್ ಕಾಲದ ಒಂದು ಆದೇಶ 201ನೇ ಕಲಮಿಗೆ ತಿದ್ದುಪಡಿ ತಂದಿತ್ತು. ದಂಡ ಕನಿಷ್ಠ 6,000, ಗರಿಷ್ಠ 12,000 ಪೆಸೊ ಎಂದಾಯಿತು. ಅದರಲ್ಲಿ ಒಂದು ಷರತ್ತು ನನ್ನನ್ನು ಬೆಚ್ಚಿಬೀಳಿಸಿತು. ಆರೋಪಿಗೆ ಶಿಕ್ಷೆಯಾದರೆ ಸಾಮಾನು ಸರ್ಕಾರಕ್ಕೆ ಸೇರಿ ನಾಶವಾಗಬೇಕು, ಅದು ಸರಿ. ಆರೋಪಿ ಬಿಡುಗಡೆಯಾದರೂ, ಬೇರೊಂದು ವಿಚಾರಣೆ ಮಾಡಿ, ಅಶ್ಲೀಲ ಸಾಮಾನನ್ನು ನಾಶ ಮಾಡಬೇಕು. ಮನುಷ್ಯ ತಪ್ಪಿಲ್ಲದೆ ಮನೆಗೆ ಹೋಗಬಹುದು, ಅವನ ಸಾಮಾನು ಹೋಗುವಂತಿಲ್ಲ.

ಕೆಸೊನ್ ಬುಲೆವಾರ್ಡಿನ ಅಂಗಡಿ

ಎರಡನೆಯ ಪ್ರಕರಣ ಕಿಯಾಪೊ ಒಳಗಿನದೇ. ಕೆಸೊನ್ ಬುಲೆವಾರ್ಡಿನಲ್ಲಿ ಕ್ಯಾಸೆಟ್ಟು, ಪತ್ರಿಕೆ ಮಾರುವ ಒಂದು ಅಂಗಡಿ. 1999ರ ಮೇ 5ರಂದು ಪೊಲೀಸರು ವಾರಂಟ್ ಹಿಡಿದು ಬಂದರು. 1989ರ ತೀರ್ಪಿನಿಂದ ಇಷ್ಟು ಪಾಠವಂತೂ ಕಲಿತಿದ್ದರು. 25 ವಿಎಚ್‌ಎಸ್ ಟೇಪು, 10 ಪತ್ರಿಕೆ ಸಿಕ್ಕವು. ಮಾಲೀಕನ ಮೇಲೂ, ಅಂಗಡಿಯಲ್ಲಿದ್ದ ಇಬ್ಬರ ಮೇಲೂ ಕೇಸು ಬಿತ್ತು.

ಮಾಲೀಕನ ವಾದ ಹೀಗಿತ್ತು: ಪೊಲೀಸರು ಬಂದಾಗ ನಾನು ಅಲ್ಲಿರಲಿಲ್ಲ, ನನ್ನ ಹೆಸರಿನ ಪರವಾನಗಿಯ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಕೋರ್ಟು ಒಪ್ಪಲಿಲ್ಲ. ಪರವಾನಗಿ ಮುಗಿದಿದ್ದರೆ ನೀನು ನವೀಕರಿಸಿಲ್ಲ ಎಂದರ್ಥ, ಅಂಗಡಿ ನಿನ್ನದಲ್ಲ ಎಂದಲ್ಲ. ಇಬ್ಬರು ನೌಕರರಲ್ಲಿ ಒಬ್ಬನನ್ನು ಸಾಕ್ಷಿ ಸಾಲದೆಂದು ಬಿಟ್ಟರು. ಇನ್ನೊಬ್ಬನಿಗೂ ಮಾಲೀಕನಿಗೂ ಒಂದೇ ಶಿಕ್ಷೆ: 4 ವರ್ಷ 1 ದಿನದಿಂದ 6 ವರ್ಷ 1 ದಿನದವರೆಗೆ ಜೈಲು, ತಲಾ 6,000 ಪೆಸೊ ದಂಡ. 2006ರ ಡಿಸೆಂಬರ್ 6ರಂದು ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಸಂಬಳಕ್ಕೆ ಕೌಂಟರಿನಲ್ಲಿ ನಿಂತವನನ್ನೂ ಲಾಭ ಎಣಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಇದು ನನಗೆ ಸರಿ ಕಾಣುವುದಿಲ್ಲ.

ಆ ತೀರ್ಪಿನಲ್ಲೇ ಕೋರ್ಟು ಇನ್ನೊಂದು ಮಾತು ಒಪ್ಪಿಕೊಂಡಿದೆ. ಅಶ್ಲೀಲತೆಗೆ ಎಲ್ಲ ಕಡೆಗೂ ಒಪ್ಪುವ ಒಂದು ವ್ಯಾಖ್ಯಾನ ಇಲ್ಲ, ಪ್ರಕರಣ ನೋಡಿಕೊಂಡು ನ್ಯಾಯಾಧೀಶರು ತೀರ್ಮಾನಿಸಬೇಕು ಎಂದು. ಇದು ಹೊಸ ಗೊಂದಲವೂ ಅಲ್ಲ. 1922ರಲ್ಲಿ ಇಲ್ಲಿಗೆ ಹತ್ತಿರದ ಎಸ್ಕೋಲ್ಟಾ ಬೀದಿಯ ಕ್ಯಾಮೆರಾ ಅಂಗಡಿಯೊಂದರ ಮೇಲೆ ದಾಳಿ ಆಗಿತ್ತು. ಗುಡ್ಡಗಾಡಿನ ಜನ ತಮ್ಮ ಸಹಜ ಉಡುಪಿನಲ್ಲಿದ್ದ ಪೋಸ್ಟ್‌ಕಾರ್ಡುಗಳನ್ನು ಅಶ್ಲೀಲ ಎಂದರು. 1923ರಲ್ಲಿ ಸುಪ್ರೀಂ ಕೋರ್ಟು ಅಂಗಡಿಯವನನ್ನು ಬಿಟ್ಟಿತು. ನೂರು ವರ್ಷ ಕಳೆದಿದೆ. ಮಾರುವವನಿಗೆ ತನ್ನ ಮೇಜಿನ ಮೇಲಿರುವುದು ಅಪರಾಧವೋ ಅಲ್ಲವೋ ಎಂದು ಇವತ್ತಿಗೂ ಮುಂಚಿತವಾಗಿ ತಿಳಿಯುವುದಿಲ್ಲ.

ಹೀಗೆ ತಿಳಿಯದಿರುವುದರಿಂದ ಕೊತೊಂಗ್ ಬೆಳೆಯುತ್ತದೆ. ಕೊತೊಂಗ್ ಎಂದರೆ ಮಾಮೂಲು. ನಿಯಮ ಮಸುಕಾಗಿದ್ದಷ್ಟೂ ಮಾಮೂಲಿನ ದರ ಏರುತ್ತದೆ. ತರಕಾರಿಯವಳು ಜಾಗಕ್ಕೆ ಕೊಟ್ಟರೆ ಸಾಕು. ಆಟಿಕೆಯವಳು ಜಾಗಕ್ಕೂ ಕೊಡಬೇಕು, ಸಾಮಾನಿಗೂ ಕೊಡಬೇಕು.

2019ರ ಜುಲೈನಲ್ಲಿ ಹೊಸ ಮೇಯರ್ ಇಸ್ಕೊ ಮೊರೆನೊ ದಿವಿಸೋರಿಯಾ, ಕರ್ರಿಯೆಡೊ, ಬ್ಲೂಮೆಂಟ್ರಿಟ್ ರಸ್ತೆಗಳಲ್ಲಿ ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿಸಿದರು. ರಸ್ತೆ ಕಂಡಿತು ಎಂದು ನಗರದವರು ಸಂತೋಷಪಟ್ಟರು. ಮೊರೆನೊ ಅವರೂ ತೊಂಡೊ ಬಡಾವಣೆಯ ಬಡತನದಲ್ಲಿ ಕಸ ಆಯ್ದು ಬೆಳೆದವರೇ. ಆಮೇಲೆ ಗೆರೆ ಎಳೆದು, ಕೆಲವು ಕಡೆ ಒಂದಿಷ್ಟು ಜನರಿಗೆ ಮತ್ತೆ ಜಾಗ ಕೊಟ್ಟರು. ಗೆರೆಯೊಳಗೆ ಬರಲು ಏನು ಮಾರುತ್ತೀಯ ಎಂದು ಹೇಳಬೇಕು. ಹೇಳಲಾಗದ ಸಾಮಾನು ಇಟ್ಟುಕೊಂಡವರು ಗೆರೆಯ ಹೊರಗೇ ಉಳಿಯುತ್ತಾರೆ.

ಅಪಾಯ ಎಲ್ಲಿದೆ

ಇಷ್ಟೆಲ್ಲ ದಾಳಿ, ತೀರ್ಪುಗಳ ನಡುವೆ ಒಂದು ಪ್ರಶ್ನೆ ಯಾರ ಬಾಯಲ್ಲೂ ಬರಲಿಲ್ಲ. ಈ ಸಾಮಾನು ಬಳಸಿದವರಿಗೆ ಏನಾಗುತ್ತದೆ?

ರಬ್ಬರಿನ ಉಂಗುರದಿಂದ, ಆಟಿಕೆಯಿಂದ ಆಗುವ ತೊಂದರೆ ಇದ್ದೇ ಇದೆ. ಮೆದು ಪ್ಲಾಸ್ಟಿಕ್ಕಿನಲ್ಲಿ ಥಾಲೇಟ್ ಎನ್ನುವ ರಾಸಾಯನಿಕ ಇರಬಹುದು. ತೊಳೆಯುವುದು ಹೇಗೆ, ಯಾವುದರಿಂದ ಮಾಡಿದ್ದು ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಆದರೆ ನಿಜವಾದ ಭಯ ಪಕ್ಕದಲ್ಲಿರುವ ಮಾತ್ರೆಯದು. ಗಿಡಮೂಲಿಕೆ ಎಂದು ಬರೆದ ಕ್ಯಾಪ್ಸೂಲಿನೊಳಗೆ ವಯಾಗ್ರದಲ್ಲಿರುವ ಸಿಲ್ಡೆನಾಫಿಲ್ ಔಷಧ ಬೆರೆಸಿರುವುದನ್ನು ಹಲವು ದೇಶಗಳ ಔಷಧ ಇಲಾಖೆಗಳು ಮತ್ತೆ ಮತ್ತೆ ಕಂಡುಹಿಡಿದಿವೆ. ಫಿಲಿಪೈನ್ಸಿನ ಇಲಾಖೆಯೂ ಎಚ್ಚರಿಕೆ ಕೊಟ್ಟಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟಿನಂಥ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಧಡಕ್ಕನೆ ಕುಸಿಯುತ್ತದೆ. ಜೀವ ಹೋಗಬಹುದು. ಶುಕ್ರವಾರ ಚರ್ಚಿಗೆ ಬರುವ ವಯಸ್ಸಾದ ಗಂಡಸರಲ್ಲಿ ಹೃದಯದ ಕಾಯಿಲೆಯವರು ಎಷ್ಟು ಮಂದಿ ಇರಬಹುದು, ಯೋಚಿಸಿ. ಕಾಮ ಕೆರಳಿಸುವ ಸ್ಪ್ಯಾನಿಷ್ ಫ್ಲೈ ಎಂದು ಮಾರುವ ಹನಿಗಳದ್ದು ಇನ್ನೊಂದು ಕಥೆ. ಆ ಹೆಸರಿನ ಅಸಲಿ ಪದಾರ್ಥ ಒಂದು ಜೀರುಂಡೆಯ ವಿಷ, ಮೂತ್ರಪಿಂಡವನ್ನೇ ಹಾಳು ಮಾಡುತ್ತದೆ.

ನೀತಿಯ ಹೆಸರಿನ ದಾಳಿಗೆ ಕಣ್ಣಿಗೆ ಬೀಳುವುದು ಅಂಗದ ಆಕಾರ. ಮಾತ್ರೆ ನೋಡಲು ಮರ್ಯಾದಸ್ಥವಾಗಿದೆ, ಅದನ್ನು ಅಶ್ಲೀಲ ಎನ್ನಲು ಬರುವುದಿಲ್ಲ. ಹಾಗಾಗಿ ಅಚ್ಚು ಹೋಗುತ್ತದೆ, ಕೊಲ್ಲಬಲ್ಲ ಮಾತ್ರೆ ಚೀಲದಲ್ಲಿ ಉಳಿಯುತ್ತದೆ.

ಇದೇ ಫುಟ್‌ಪಾತಿನಲ್ಲಿ ಪಂಪರೆಗ್ಲಾ ಕೂಡ ಸಿಗುತ್ತದೆ. ಮುಟ್ಟು ತರಿಸುವ ಕಷಾಯ ಎಂದರ್ಥ. ಗರ್ಭ ಬೇಡವಾದವರು ಕೇಳುವುದು ಇದನ್ನೇ. ಗುಟ್ಟಾಗಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ ಮಾರುತ್ತಾರೆ. ಅಲ್ಲಿ ಗರ್ಭಪಾತ ಅಪರಾಧ. ಕಿಯಾಪೊ ಚರ್ಚಿನವರು ಈ ವ್ಯಾಪಾರವನ್ನು ಬಹಳ ಕಾಲದಿಂದ ಖಂಡಿಸುತ್ತಾ ಬಂದಿದ್ದಾರೆ. ಅವರ ನೋವು ನಾಟಕವಲ್ಲ. ತಮ್ಮ ಬಾಗಿಲಲ್ಲೇ ಇದು ನಡೆಯುತ್ತದೆ ಎನ್ನುವ ಸಂಕಟ ಅರ್ಥವಾಗುವಂಥದ್ದು. ಆದರೆ ಒಂದು ಸಂಗತಿಯನ್ನು ಜೊತೆಗಿಟ್ಟು ನೋಡಬೇಕು. 2000ರಲ್ಲಿ ಆಗಿನ ಮೇಯರ್ ಲಿಟೊ ಅತಿಯೆಂಜಾ ಒಂದು ಆದೇಶ ಹೊರಡಿಸಿದರು. ಅದರ ನಂತರ ನಗರದ ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಕಾಂಡೋಮ್, ಗರ್ಭನಿರೋಧಕ ಮಾತ್ರೆ ಸಿಗದಂತಾಯಿತು. ಸರ್ಕಾರ ಗರ್ಭನಿರೋಧಕ ಒದಗಿಸಬೇಕೆನ್ನುವ ಸಂತಾನ ಆರೋಗ್ಯದ ಕಾಯ್ದೆ ಬಂದದ್ದು 2012ರಲ್ಲಿ. ಸುಪ್ರೀಂ ಕೋರ್ಟು ಅದಕ್ಕೆ ಬಹುಪಾಲು ಒಪ್ಪಿಗೆ ಕೊಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಅಷ್ಟು ವರ್ಷ ಬಡ ಹೆಂಗಸು ಎಲ್ಲಿಗೆ ಹೋಗಬೇಕಿತ್ತು? ನರ್ಸಿನ ಹತ್ತಿರ ಕೇಳಲಾಗದ್ದನ್ನು ಅವಳು ಫುಟ್‌ಪಾತಿನ ಆತೆಯ ಹತ್ತಿರ ಕೇಳಿದಳು. ಕಿಯಾಪೊ ಬೀದಿ ಬಡವರ ಔಷಧದ ಅಂಗಡಿಯಾದದ್ದು ಹೀಗೆ. ಆಟಿಕೆ ಕೊಳ್ಳುವವರಿಗೂ ಇದೇ ಮಾತು ಸಲ್ಲುತ್ತದೆ. ಕಾರ್ಡು ಇದ್ದವರು ಫೋನಿನಲ್ಲಿ ತರಿಸಿಕೊಳ್ಳುತ್ತಾರೆ, ಕಂದು ಬಣ್ಣದ ಡಬ್ಬಿ ಮನೆಗೆ ಬರುತ್ತದೆ. ಅವರ ಮೇಲೆ ದಾಳಿ ಇಲ್ಲ. ನಗದು ಎಣಿಸಿ ಕೊಳ್ಳುವವನಿಗೆ ಮಾತ್ರ ಬೀದಿಯೇ ಗತಿ.

ನಮ್ಮ ಕಾನೂನು

ನಮ್ಮ ಕಡೆ ಇದೇ ಮೇಜು ಇದ್ದರೆ? ನಮ್ಮ ದಂಡ ಸಂಹಿತೆಯ 292ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಆಗಿದೆ. ಅದರಲ್ಲಿ ಪುಸ್ತಕ, ಚಿತ್ರ, ಆಕೃತಿಯ ಜೊತೆಗೆ "ಇನ್ನಾವುದೇ ವಸ್ತು" ಎನ್ನುವ ಮಾತೂ ಇದೆ. ಫಿಲಿಪೈನ್ಸಿನ ಪಟ್ಟಿಯಲ್ಲಿ ಇಲ್ಲದ್ದು ಇದು. ಆದರೆ ನಮ್ಮ ಕಾನೂನಿನಲ್ಲಿ ಇನ್ನೊಂದು ವಿನಾಯಿತಿಯೂ ಇದೆ. ದೇವಸ್ಥಾನದ ಮೇಲಿನ, ದೇವರನ್ನು ಕೂರಿಸಿ ಎಳೆಯುವ ತೇರಿನ ಮೇಲಿನ ಕೆತ್ತನೆಗೆ ಈ ಕಲಂ ತಾಗುವುದಿಲ್ಲ. ಹಳೆಯ ತೇರುಗಳ ಕೆಳಪಟ್ಟಿಯಲ್ಲಿರುವ ಮಿಥುನ ಶಿಲ್ಪಗಳನ್ನು ಚಿಕ್ಕವರಿದ್ದಾಗ ಕದ್ದು ನೋಡಿದವರಿಗೆ ಇದರ ಅರ್ಥ ಗೊತ್ತಾಗುತ್ತದೆ. ದೇವರ ತೇರಿನಲ್ಲೇ ದೇಹಕ್ಕೆ ಜಾಗ ಇತ್ತು, ಕಾನೂನು ಅದನ್ನು ಗೌರವಿಸಿತು.

ಆಮದು ಮಾಡಿಕೊಂಡ ಮಸಾಜ್ ಯಂತ್ರಗಳನ್ನು ಲೈಂಗಿಕ ಆಟಿಕೆಯಾಗಿಯೂ ಬಳಸಬಹುದು ಎಂದು ಕಸ್ಟಮ್ಸ್ ಅಧಿಕಾರಿಗಳು ತಡೆದಾಗ, 2024ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಆದರೆ ಕಿಯಾಪೊ ಪ್ರಕರಣಕ್ಕೆ ನಮ್ಮಲ್ಲಿರುವ ಇದಕ್ಕಿಂತ ಉಪಯೋಗದ ಕಾನೂನು ಎಂದರೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಅದರ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ಕೆಡದ ಸಾಮಾನಾದರೆ, ಕೇಳಿದ ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಹೂವು ಹಣ್ಣಾದರೆ ಅದೇ ದಿನ. ನಮ್ಮ ಊರುಗಳಲ್ಲಿ ಇದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತದೆ ಎನ್ನುವುದು ಬೇರೆ ವಿಷಯ. ಆದರೂ ಕೈಯಲ್ಲಿ ಒಂದು ಚೀಟಿ ಇದ್ದರೆ ಕೇಳುವುದಕ್ಕೆ ಬಾಯಿ ಬರುತ್ತದೆ, ಅಲ್ವಾ?

ಏನು ಮಾಡಬಹುದು

ಕಿಯಾಪೊ ಮೇಜಿಗೂ ಮೊದಲು ಬೇಕಾದದ್ದು ಆ ಚೀಟಿ. ಏನೇನು ಎತ್ತಿಕೊಂಡು ಹೋದಿರಿ, ಯಾವ ವಾರಂಟಿನ ಮೇಲೆ, ಎಷ್ಟು ದಿನದಲ್ಲಿ ನ್ಯಾಯಾಧೀಶರ ಮುಂದೆ ಇಡುತ್ತೀರಿ. 1989ರ ತೀರ್ಪು ಇದಕ್ಕೆ ದಾರಿ ಮಾಡಿದೆ. ಫುಟ್‌ಪಾತಿನವರೆಗೆ ಅದನ್ನು ಇಳಿಸಿದರೆ ಸಾಕು.

ಚರ್ಚಿಗೆ ಬರುವವರ ಭಾವನೆಗೂ ಬೆಲೆ ಕೊಡಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಮಗುವಿನ ಕೈ ಹಿಡಿದು ಪೂಜೆಗೆ ಬಂದ ತಾಯಿಗೆ ಬಿಚ್ಚಿಟ್ಟ ಸಾಮಾನು ಕಣ್ಣಿಗೆ ಬೀಳಬೇಕಾಗಿಲ್ಲ. ಬಾಗಿಲಿನಿಂದ ಇಷ್ಟು ದೂರ, ಮುಚ್ಚಿದ ಪೆಟ್ಟಿಗೆ, 18ರ ಕೆಳಗಿನವರಿಗೆ ಮಾರುವಂತಿಲ್ಲ ಎಂದು ಬರೆದು ಹೇಳಿದರೆ ಮಾರುವವರು ಪಾಲಿಸುತ್ತಾರೆ. ಈಗಲೂ ಅನೇಕರು ಮರೆಯಲ್ಲೇ ಇಡುತ್ತಾರೆ, ಏಕೆಂದರೆ ಕೊಳ್ಳುವವನಿಗೂ ಮರೆ ಬೇಕು. ಬರೆದ ನಿಯಮ ಇದ್ದರೆ ಮಾಮೂಲು ಕೇಳುವವನಿಗೆ ಹಿಡಿತ ತಪ್ಪುತ್ತದೆ.

ಮಾತ್ರೆಯನ್ನು ಆಟಿಕೆಯಿಂದ ಬೇರೆ ಮಾಡಬೇಕು. ಅದು ನೀತಿಯ ಪೊಲೀಸರ ಕೆಲಸವಲ್ಲ, ಔಷಧ ಇಲಾಖೆಯ ಕೆಲಸ. ಬೀದಿಯಿಂದ ಮಾದರಿ ಒಯ್ದು ಪರೀಕ್ಷೆ ಮಾಡಬೇಕು. ಯಾವ ಹೆಸರಿನ ಪೊಟ್ಟಣದಲ್ಲಿ ಏನು ಸಿಕ್ಕಿತು ಎಂದು ತಗಾಲೊಗ್ ಭಾಷೆಯಲ್ಲಿ ಒಂದು ಹಾಳೆ ಮುದ್ರಿಸಿ ಮೇಜಿನ ಆತೆಗೇ ಕೊಡಬೇಕು. ದೊಡ್ಡ ಸಗಟು ವ್ಯಾಪಾರಿಯನ್ನು ಹಿಡಿಯದೆ 5ಕ್ಕೆ 6 ಕಟ್ಟುವವಳನ್ನು ಹಿಡಿದರೆ ಮಾತ್ರೆ ಬರುವುದು ನಿಲ್ಲುವುದಿಲ್ಲ.

ಅಷ್ಟು ದಿನ ಕಾಯಲೂಬೇಕಾಗಿಲ್ಲ. ಆರೋಗ್ಯ ಕೇಂದ್ರದ ಒಬ್ಬ ಕಾರ್ಯಕರ್ತೆ ಒಂದು ಶುಕ್ರವಾರ ಮಧ್ಯಾಹ್ನ ಈ ಬೀದಿಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ, ಪೊಟ್ಟಣ ಕೊಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳುವುದನ್ನು ಹೇಳಿಕೊಡಬಹುದು: "ಕುಯಾ, ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಏನಾದ್ರೂ ತಗೊಳ್ತೀರಾ?" ಹೌದು ಅಂದರೆ ಪೊಟ್ಟಣವನ್ನು ವಾಪಸ್ ಚೀಲಕ್ಕೆ ಹಾಕಿ, ಅವರ ದುಡ್ಡು ಅವರಿಗೆ ಕೊಟ್ಟು ಕಳಿಸುವುದು.